ಎರಡು ಹೊಳೆಗಳ ನಡುವಿನ ಕೋವಿಯೂರು

ಅಮೆರಿಕಕ್ಕೆ ಹೋಗಿ ಮೂರು ದಿನವೂ ಆಗಿರಲಿಲ್ಲ, ನನ್ನ ತಂಗಿ ನನ್ನನ್ನು ಅಡಿಗೆಮನೆಗೆ ಕರೆದು, ಬಾಗಿಲನ್ನು ಮೆಲ್ಲಗೆ ಮರೆಮಾಡಿ, “ಅಣ್ಣ, ನನ್ನ ಮಾತಂತೂ ಅವನು ಕೇಳುವುದಿಲ್ಲ, ನೀನಾದರೂ ಹೇಳು. ಕೋವಿ ಮಾಡುತ್ತಾನಂತೆ, ಕೋವಿ!” ಎಂದಳು.

ಆಟದ ಕೋವಿಯಿರಬೇಕೆಂದು ನಾನು ನಕ್ಕೆ. ಅವಳು ನಗಲಿಲ್ಲ. ಅವಳ ಮಗ, ನನ್ನ ಸೋದರಳಿಯ, 19 ವರ್ಷದವನು. ಮೇರಿಲೆಂಡ್ ಪ್ರಾಂತದಲ್ಲಿ ಹುಟ್ಟಿ ಬೆಳೆದ ಹುಡುಗ, ಎಂಜಿನಿಯರಿಂಗ್ ಓದುತ್ತಿದ್ದಾನೆ. ಒಳ್ಳೆಯವನು, ಮಿತಭಾಷಿ. ನಳಿಗೆಯನ್ನು ಒಂದು ಕಡೆಯಿಂದ, ಮರದ ಹಿಡಿಯನ್ನು ಇನ್ನೊಂದು ಕಡೆಯಿಂದ, ಕೀಲುಗಳನ್ನು ಮತ್ತೊಂದು ಕಡೆಯಿಂದ ತರಿಸಿ, ತನ್ನ ಕೈಯಿಂದಲೇ ಒಂದು ರೈಫಲನ್ನು ಜೋಡಿಸಬೇಕೆಂಬ ಹುಚ್ಚು ಅವನಿಗೆ ಹಿಡಿದಿತ್ತು. ಆ ದೇಶದಲ್ಲಿ ಇದು ಕೇಳದ ಮಾತೇನಲ್ಲ. ಕೀಲುಗಳನ್ನು ಹೊತ್ತಿರುವ ನಡುವಣ ಭಾಗವೊಂದನ್ನೇ ಅಲ್ಲಿನ ಕಾನೂನು ‘ಕೋವಿ’ ಎಂದು ಎಣಿಸುತ್ತದೆ; ಅದನ್ನು ಪರವಾನಗಿಯುಳ್ಳ ವ್ಯಾಪಾರಿಯಿಂದ ಹೆಸರು ವಿಳಾಸ ಕೊಟ್ಟು ಪಡೆಯಬೇಕು. ಉಳಿದ ಬಹುಪಾಲು ಭಾಗಗಳು ನಮ್ಮಲ್ಲಿ ಸೈಕಲಿನ ಸಾಮಾನು ದೊರೆಯುವಂತೆ ದೊರೆಯುತ್ತವೆ.

ತಂಗಿಯ ಭಯ ಬೇರೆಯದು. ಕೋವಿಯಿರುವ ಮನೆಗೆ ಮಗನನ್ನು ಆಡಲು ಕಳಿಸದೆ 19 ವರ್ಷ ಕಾಪಾಡಿಕೊಂಡು ಬಂದವಳು ಅವಳು. ಅದೇ ಕೋವಿ ಈಗ ತನ್ನ ಮನೆಯ ನೆಲಮಾಳಿಗೆಯಲ್ಲೇ ಹುಟ್ಟುತ್ತದೆಂದರೆ?

ಆ ರಾತ್ರಿ ಹುಡುಗ ತಾನಾಗಿಯೇ ಒಂದು ನೋಟುಪುಸ್ತಕ ಹಿಡಿದು ನನ್ನ ಬಳಿಗೆ ಬಂದ. ತಿಳಿದವರೆನಿಸಿಕೊಂಡ ಹತ್ತಾರು ಮಂದಿಯನ್ನು ಕೇಳಿ ಬರೆದುಕೊಂಡ ಸಲಹೆಗಳು ಅದರ ತುಂಬ. ಇವರು ಹೇಳಿದ್ದನ್ನು ಅವರು ಅಲ್ಲಗಳೆದಿದ್ದರು. ಅವರಿಬ್ಬರನ್ನೂ ಮೂರನೆಯವರು ಹಳಿದಿದ್ದರು. ಹತ್ತು ವೈದ್ಯರ ಕೈಗೆ ಸಿಕ್ಕ ರೋಗಿಯಂತಾಗಿದ್ದ ಪಾಪ. “ಮಾಮ, ನೀವು ಕಾರ್ಖಾನೆಯಲ್ಲಿ ಇದ್ದವರಲ್ಲವೆ? ಮೊದಲು ಯಾವುದರಿಂದ ಆರಂಭಿಸಲಿ?” ಎಂದ.

ನಾನು ಬೆಂಗಳೂರಿನ ಒಂದು ಯಂತ್ರದ ಕಾರ್ಖಾನೆಯಲ್ಲಿ 32 ವರ್ಷ ದುಡಿದವನು ನಿಜ. ಆದರೆ ಕೋವಿಯನ್ನು ಮುಟ್ಟಿದವನಲ್ಲ. ನನಗೆ ತಿಳಿದಿದ್ದುದು ಅರ, ಅಳತೆ, ಗೇಜು, ಇಷ್ಟೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಮ್ಮ ಶಿಕ್ಷಕರು, ಒಂದೇ ಅಚ್ಚಿನ ಭಾಗಗಳಿಂದ ಯಂತ್ರವನ್ನು ಕೂಡಿಸುವ ವಿದ್ಯೆಯ ಕಥೆ ಹೇಳುತ್ತ ಹಾರ್ಪರ್ಸ್ ಫೆರಿ ಎಂಬ ಊರಿನ ಹೆಸರನ್ನು ಹೇಳಿದ್ದರು. ಅದು ನೆನಪಾಯಿತು. “ಆ ಊರು ಇಲ್ಲಿಗೆ ದೂರವೆ?” ಎಂದೆ. “ಕಾರಿನಲ್ಲಿ ಹೋದರೆ ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಬಹುದು” ಎಂದ. ಮಾರನೆಯ ಶನಿವಾರ ಹೊರಟೆವು. ತಂಗಿ ಚಿತ್ರಾನ್ನ ಕಟ್ಟಿಕೊಟ್ಟು, ನನ್ನತ್ತ ಅರ್ಥಪೂರ್ಣವಾಗಿ ನೋಡಿದಳು.

ವಾಷಿಂಗ್ಟನ್ ನಗರದಿಂದ ವಾಯವ್ಯಕ್ಕೆ ಸುಮಾರು 60 ಮೈಲಿ. ಕಾರನ್ನು ಗುಡ್ಡದ ಮೇಲೆಯೇ ಬಿಟ್ಟು, ಉದ್ಯಾನ ಇಲಾಖೆಯ ಬಸ್ಸಿನಲ್ಲಿ ಕೆಳಪೇಟೆಗೆ ಇಳಿಯಬೇಕು. ಅಕ್ಟೋಬರ್ ತಿಂಗಳು, ಬೆಟ್ಟಗಳ ಮೇಪಲ್ ಮರಗಳು ಕುಂಕುಮ ಅರಿಸಿನಗಳನ್ನು ಎರಚಿಕೊಂಡು ನಿಂತಿದ್ದುವು. ಪೊಟೊಮ್ಯಾಕ್ ನದಿ ಒಂದು ಕಡೆಯಿಂದ, ಶೆನಂಡೋವ ಇನ್ನೊಂದು ಕಡೆಯಿಂದ ಕಲ್ಲುಬಂಡೆಗಳ ಮೇಲೆ ನೊರೆಯೇಳಿಸುತ್ತ ಬಂದು, ಬೆಟ್ಟದ ಸಾಲನ್ನು ಸೀಳಿದ ಕಂಡಿಯ ಬಾಯಿಯಲ್ಲಿ ಕೂಡುತ್ತವೆ. ಎರಡು ನೀರಿನ ನಡುವೆ ನಾಲಗೆಯಂತೆ ಚಾಚಿದ ಇಳಿಜಾರು ನೆಲವೇ ಊರು. ಎದುರಿಗೆ ಮೇರಿಲೆಂಡ್, ಬಲಕ್ಕೆ ವರ್ಜೀನಿಯ, ನಿಂತ ನೆಲ ಪಶ್ಚಿಮ ವರ್ಜೀನಿಯ. ತಿರುಮಕೂಡಲನ್ನು ಕಂಡವರಿಗೆ ಸಂಗಮ ಹೊಸದಲ್ಲ. ಆದರೆ ಇಲ್ಲಿ ಸ್ನಾನಘಟ್ಟವಿಲ್ಲ. ನೀರಿನ ಬಲಕ್ಕಾಗಿಯೇ ಸರ್ಕಾರ ಇಲ್ಲಿ 18ನೆಯ ಶತಮಾನದ ಕೊನೆಯಲ್ಲಿ ಕೋವಿಯ ಕಾರ್ಖಾನೆಯನ್ನು ಕಟ್ಟಿಸಿತು.

ಕೆಳಪೇಟೆಯಿಂದ ಕಲ್ಲಿನ ಮೆಟ್ಟಲುಗಳನ್ನು ಹತ್ತಿ, ಸಂತ ಪೀಟರರ ಇಗರ್ಜಿಯನ್ನು ದಾಟಿ ಮೇಲೇರಿದರೆ ಜೆಫರ್ಸನ್ ಬಂಡೆ. 1783ರಲ್ಲಿ ಥಾಮಸ್ ಜೆಫರ್ಸನ್ ಇಲ್ಲಿಂದ ಕಂಡ ನೋಟವನ್ನು ತನ್ನ ವರ್ಜೀನಿಯದ ಪುಸ್ತಕದಲ್ಲಿ ಬಣ್ಣಿಸಿ, ಇದೊಂದನ್ನು ನೋಡಲು ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದರೂ ಸಾರ್ಥಕವೆಂದಿದ್ದಾನೆ. ನಾನು ಅದಕ್ಕಿಂತ ಹೆಚ್ಚೇ ದಾಟಿ ಬಂದಿದ್ದೆ, ನನಗೂ ನಷ್ಟವೆನಿಸಲಿಲ್ಲ. ಆದರೆ ಹುಡುಗನಿಗೆ ನಾನು ಹೇಳಿದ ಕಥೆ ಬೇರೆ. ಆ ಪುಸ್ತಕ ಪ್ಯಾರಿಸ್ಸಿನಲ್ಲಿ ಅಚ್ಚಾದುದು 1785ರಲ್ಲಿ. ಅದೇ ವರ್ಷ ಜೆಫರ್ಸನ್, ಆಗ ಅಮೆರಿಕದ ರಾಯಭಾರಿ, ಒನೊರೆ ಬ್ಲಾಂಕ್ ಎಂಬ ಫ್ರೆಂಚ್ ಕೋವಿಗಾರನ ಕೆಲಸದ ಮನೆಗೆ ಹೋದ. ಕೋವಿಯಲ್ಲಿ ಕಿಡಿ ಹಾರಿಸುವ ಕೀಲುಕಟ್ಟು ಇರುತ್ತದಲ್ಲ, ಅಂಥ 50 ಕೀಲುಕಟ್ಟುಗಳನ್ನು ಬಿಚ್ಚಿ, ಭಾಗಗಳನ್ನು ಬೇರೆಬೇರೆ ಗೂಡುಗಳಲ್ಲಿ ಹಾಕಿಟ್ಟಿದ್ದ ಆತ. ಜೆಫರ್ಸನ್ ಕೈಗೆ ಸಿಕ್ಕವನ್ನು ಎತ್ತಿ ತಾನೇ ಹಲವನ್ನು ಜೋಡಿಸಿದ. ಎಲ್ಲವೂ ಸರಾಗವಾಗಿ ಕೂಡಿದುವು. ಬೆರಗಾಗಿ ಊರಿಗೆ ಕಾಗದ ಬರೆದ.

“ಹಾಗಾದರೆ ಆತನೂ ಹೊಸಬನೇ, ನನ್ನ ಹಾಗೆ!” ಎಂದು ಹುಡುಗ ಉಬ್ಬಿದ. ನಾನು ಬಂದ ಕೆಲಸ ಕೆಡುತ್ತಿದೆಯೆಂದು ನನಗೆ ಶಂಕೆಯಾಯಿತು.

ಅದರ ಹಿಂದಿನ ಕಾಲದಲ್ಲಿ ಒಬ್ಬೊಬ್ಬ ಕೋವಿಗಾರನೂ ಒಂದೊಂದು ಕೋವಿಯ ಭಾಗಗಳನ್ನು ಅರದಿಂದ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದಿಸುತ್ತಿದ್ದ. ಈ ಕೋವಿಯ ತಿರುಪು ಆ ಕೋವಿಗೆ ಕೂಡುತ್ತಿರಲಿಲ್ಲ. ರಣರಂಗದಲ್ಲಿ ಒಂದು ಕೀಲು ಮುರಿದರೆ ಕೋವಿಯೇ ದೊಣ್ಣೆ. ಸೈನ್ಯದವರಿಗೆ ಬೇಕಾಗಿದ್ದುದು ಈ ಕಷ್ಟಕ್ಕೆ ಪರಿಹಾರ. ಎಲೈ ವಿಟ್ನಿ ಎಂಬಾತ 1801ರಲ್ಲಿ ರಾಜಧಾನಿಯ ದೊಡ್ಡವರೆದುರಿಗೆ ಕೋವಿಯ ಭಾಗಗಳನ್ನು ಬದಲಾಯಿಸಿ ತೋರಿಸಿ ಹೆಸರು ಪಡೆದ. ಆದರೆ ಅವನ ಕಾರ್ಖಾನೆಯ ಕೋವಿಗಳನ್ನು ಮುಂದೆ ಪರೀಕ್ಷಿಸಿದ ವಿದ್ವಾಂಸರಿಗೆ ಅವುಗಳ ಭಾಗಗಳು ಒಂದಕ್ಕೊಂದು ನಿಜವಾಗಿ ಹೊಂದುವುದಿಲ್ಲವೆಂದು ಗೊತ್ತಾಯಿತು. ಹೆಸರು ಮಾತ್ರ ಶಾಲೆಯ ಪಾಠಗಳಲ್ಲಿ ಉಳಿದುಕೊಂಡಿತು.

ಮಾತನ್ನು ನಿಜ ಮಾಡಿದವನು ಜಾನ್ ಹಾಲ್, ಮೇನ್ ಪ್ರಾಂತದವನು. ಮದ್ದನ್ನು ಬಾಯಿಯಿಂದ ತುಂಬದೆ ಹಿಂಬದಿಯಿಂದ ತುಂಬುವ ರೈಫಲಿಗೆ 1811ರಲ್ಲಿ ಹಕ್ಕುಪತ್ರ ಪಡೆದವನು. 1819ರಲ್ಲಿ ಸರ್ಕಾರ 1000 ರೈಫಲುಗಳನ್ನು ಮಾಡಿಕೊಡುವಂತೆ ಒಪ್ಪಂದ ಮಾಡಿಕೊಂಡು, ಶೆನಂಡೋವದ ದಡದಲ್ಲಿ ಅವನಿಗೆ ಜಾಗ ಕೊಟ್ಟಿತು. ವರ್ಷಗಳು ಉರುಳಿದುವು, ಕೋವಿಗಳು ಬರಲಿಲ್ಲ. ಆತ ಕೋವಿಯನ್ನು ಮಾಡುತ್ತಿರಲಿಲ್ಲ. ಕೋವಿಯನ್ನು ಮಾಡುವ ಯಂತ್ರಗಳನ್ನು, ಆ ಯಂತ್ರಗಳ ಕೆಲಸವನ್ನು ಅಳೆಯುವ ಗೇಜುಗಳನ್ನು ಮಾಡುತ್ತಿದ್ದ. ಒಂದು ರೈಫಲನ್ನು ಒಪ್ಪಿಕೊಳ್ಳುವ ಮೊದಲು ಅರವತ್ತಕ್ಕೂ ಹೆಚ್ಚು ಗೇಜುಗಳ ಪರೀಕ್ಷೆ! ದೊಡ್ಡ ಕಾರ್ಖಾನೆಯ ಮೇಲಧಿಕಾರಿಗೆ ಈತನನ್ನು ಕಂಡರೆ ಆಗದು. 1826-27ರ ಚಳಿಗಾಲದಲ್ಲಿ ಪರೀಕ್ಷಕರು ಬಂದರು. ನೂರಾರು ರೈಫಲುಗಳನ್ನು ಬಿಚ್ಚಿ, ಭಾಗಗಳನ್ನು ಬೆರೆಸಿ, ಹೊಸ ಹಿಡಿಮರಗಳಿಗೆ ಜೋಡಿಸಿ ನೋಡಿದರು. ಕೂಡಿದುವು. ಮುಂದೆ ಸೈಮಿಯನ್ ನಾರ್ತ್ ಎಂಬವನು ದೂರದ ಕನೆಕ್ಟಿಕಟ್ಟಿನಲ್ಲಿ ಮಾಡಿದ ಭಾಗಗಳೂ ಇಲ್ಲಿನವಕ್ಕೆ ಹೊಂದಿದುವು. ನನ್ನ ಅಳಿಯನ ನೋಟುಪುಸ್ತಕದ ಆಸೆಗೆ, ಅಲ್ಲೊಂದು ಇಲ್ಲೊಂದು ತರಿಸಿ ಕೂಡಿಸುವ ಆಸೆಗೆ, ತಳಪಾಯ ಬಿದ್ದುದು ಅಂದು.

ಇಷ್ಟನ್ನೂ ಅಲ್ಲಿನ ಯಂತ್ರಗಳ ಪ್ರದರ್ಶನದ ಮನೆಯಲ್ಲಿ ನಿಂತು ಮಾತಾಡುತ್ತಿದ್ದೆವು. ಪಕ್ಕದಲ್ಲಿ ನಮ್ಮಂತೆಯೇ ನೋಡಲು ಬಂದಿದ್ದ ಮುದುಕರೊಬ್ಬರು ನಮ್ಮತ್ತ ತಿರುಗಿದರು. ಜೀವಮಾನವೆಲ್ಲ ಲೇತಿನ ಮುಂದೆ ನಿಂತವರೆಂದು ಅವರ ಬೆರಳುಗಳೇ ಹೇಳುತ್ತಿದ್ದುವು. ನಾನೂ ಅದೇ ಜಾತಿಯವನೆಂದು ತಿಳಿದ ಮೇಲೆ ಸಲಿಗೆ ಬೆಳೆಯಿತು. ಹುಡುಗ ಸಂಕೋಚದಿಂದಲೇ ನೋಟುಪುಸ್ತಕವನ್ನು ಚಾಚಿದ. ಅವರು ಒಂದೆರಡು ಹಾಳೆ ತಿರುವಿ ಹಿಂದಕ್ಕೆ ಕೊಟ್ಟರು.

“ಭಾಗಗಳು ಕೂಡಿಯೇ ಕೂಡುತ್ತವೆ, ಮಗು. ಅದೇನೂ ದೊಡ್ಡದಲ್ಲ. ಕೂಡಿದ್ದು ಸರಿಯಾಗಿದೆಯೆ ಎಂದು ಅಳೆಯುವವರು ಯಾರು?”

“ನಾನೇ” ಎಂದ ಹುಡುಗ.

“ಮಾಡಿದವನೇ ಅಳೆಯಬಾರದು. ಹಾಲ್ ಅಷ್ಟೊಂದು ಗೇಜು ಇಟ್ಟುಕೊಂಡಿದ್ದನಲ್ಲ, ಅವನ ರೈಫಲಿನ ಹಿಂಬದಿಯ ಸಂದಿನಿಂದಲೂ ಬೆಂಕಿಯ ಆವಿ ಸೋರುತ್ತಿತ್ತು. ಅದು ಸೋರುವುದು ಸಿಪಾಯಿಯ ಮುಖದ ಹತ್ತಿರ. ನೀನು ಅರ ಹಿಡಿದಿದ್ದೀಯಾ?”

ಇಲ್ಲವೆಂದ.

“ಹಾಗಾದರೆ ಮೊದಲು ಒಂದು ಕಬ್ಬಿಣದ ತುಂಡನ್ನು ಆರು ಮುಖವೂ ಸಮವಾಗಿ ಉಜ್ಜಿ ಘನಾಕಾರ ಮಾಡು. ಅದಾದ ಮೇಲೆ ಪರವಾನಗಿಯುಳ್ಳ ಒಬ್ಬ ಕೋವಿಗಾರನ ಅಂಗಡಿಯಲ್ಲಿ ಒಂದು ವರ್ಷ ಕಸ ಗುಡಿಸು. ಆಮೇಲೂ ಆಸೆಯಿದ್ದರೆ ಅವನೆದುರಿಗೇ ಕೂತು ಜೋಡಿಸು.” ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದರು. ನಾನು ಕೆಲಸ ಕಲಿಯಲು ಸೇರಿದಾಗ ಮೊದಲ ತಿಂಗಳೆಲ್ಲ ಮಾಡಿದ್ದು ಇದೇ ಘನಾಕಾರವನ್ನೇ. ಒಂದು ಮುಖ ಸರಿಹೋದರೆ ಇನ್ನೊಂದು ಓರೆಯಾಗಿ, ಕೊನೆಗೆ ಆ ತುಂಡು ದಾಳದಷ್ಟಾಗಿತ್ತು.

ಚಿತ್ರಾನ್ನವನ್ನು ತಿಂದುದು ಶೆನಂಡೋವದ ದಡದಲ್ಲಿ, ಹಾಲನ ಕಾರ್ಖಾನೆ ಇದ್ದ ಜಾಗದ ಸಮೀಪದಲ್ಲಿ. ಅಲ್ಲೀಗ ಮರಗಳು, ಕಲ್ಲಿನ ತಳಪಾಯ, ನೀರುಗಾಲುವೆಗಳ ಗುರುತು. ಉಳಿದುದನ್ನು ಯುದ್ಧವೂ ನೆರೆಯೂ ಒಯ್ದುವು. ಅರ ಹಿಡಿದ ಹತ್ತು ಗಂಡಸರ ಕೆಲಸಕ್ಕಿಂತ ಹೆಚ್ಚನ್ನು ತನ್ನ ಯಂತ್ರದ ಬಳಿ ನಿಂತ ಒಬ್ಬ ಹುಡುಗ ಮಾಡುವನೆಂದು ಹಾಲ್ ಸರ್ಕಾರಕ್ಕೆ ಬರೆದಿದ್ದ. ಆ ಹತ್ತು ಗಂಡಸರ ಪಾಡೇನಾಯಿತು? ಅವರೇನು ಸುಮ್ಮನಿದ್ದವರಲ್ಲ. 1830ರ ಜನವರಿಯಲ್ಲಿ, ಹೊಸದಾಗಿ ಬಂದು ಶಿಸ್ತನ್ನು ಬಿಗಿಮಾಡಿದ ಥಾಮಸ್ ಡನ್ ಎಂಬ ಮೇಲಧಿಕಾರಿಯನ್ನು, ಕೆಲಸ ಕಳೆದುಕೊಂಡ ಕೋವಿಗಾರನೊಬ್ಬ ಕಚೇರಿಗೇ ನುಗ್ಗಿ ಗುಂಡಿಕ್ಕಿ ಕೊಂದ. ಅದೇ ವರ್ಷ ಗಲ್ಲಿಗೇರಿದ. 1842ರಲ್ಲಿ ಗಡಿಯಾರ ನೋಡಿ ದುಡಿಯಬೇಕೆಂಬ ಕಟ್ಟಳೆ ಬಂದಾಗ ಕೆಲಸಗಾರರು ಕೆಲಸ ನಿಲ್ಲಿಸಿ, ದೋಣಿ ಮಾಡಿಕೊಂಡು ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಟೈಲರನನ್ನೇ ಕಂಡರು. ಬರಿಗೈಯಲ್ಲಿ ಮರಳಿದರು. ಹಾಲನಿಗೂ ಸುಖವಿರಲಿಲ್ಲ, 1841ರಲ್ಲಿ ದೂರದ ಮಿಸ್ಸೂರಿಯಲ್ಲಿ ತೀರಿಕೊಂಡ.

“ನಮ್ಮ ದೇಶದಲ್ಲಿ ಯಾರೂ ಕೋವಿ ಇಟ್ಟುಕೊಳ್ಳುವುದಿಲ್ಲ ಅಲ್ಲವೆ, ಮಾಮ?” ಎಂದು ಹುಡುಗ ಕೇಳಿದ. ಅಮ್ಮನ ವಾದವಿರಬೇಕು. ಕೊಡಗಿನ ಸಂಗತಿ ಹೇಳಿದೆ. ಅಲ್ಲಿ ಕೈಲುಪೊದು ಹಬ್ಬದಂದು ಮನೆಯ ಕೋವಿಯನ್ನು ದೇವರ ಮುಂದಿಟ್ಟು ತೋಕ್‌ಪೂವನ್ನು ಮುಡಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುವುದು ಸಂಪ್ರದಾಯ. “ಹೂವನ್ನೇ!” ಎಂದು ಅಚ್ಚರಿಪಟ್ಟ. ಆ ಕೋವಿಗೆ ಮನೆತನವೊಂದು ಜವಾಬುದಾರ, ಹಿರಿಯರ ಕಣ್ಣೊಂದು ಅದರ ಮೇಲಿರುತ್ತದೆ ಎಂದೆ. ಬೇರೇನೂ ಸೇರಿಸಲಿಲ್ಲ.

ಮರಳುವ ಮುನ್ನ ನೋಡಿದುದು ಇಟ್ಟಿಗೆಯ ಒಂದು ಸಣ್ಣ ಕಟ್ಟಡ, ಕಾರ್ಖಾನೆಯ ಬೆಂಕಿಯಂತ್ರವನ್ನು ಇಡುತ್ತಿದ್ದ ಮನೆ. 1859ರ ಅಕ್ಟೋಬರ್ 16ರ ರಾತ್ರಿ ಜಾನ್ ಬ್ರೌನ್ ಹದಿನೆಂಟು ಸಂಗಡಿಗರೊಡನೆ ಈ ಊರನ್ನು ಹೊಕ್ಕ. ಗುಲಾಮರನ್ನು ಬಿಡಿಸಿ ಅವರ ಕೈಗೆ ಆಯುಧ ಕೊಡಬೇಕೆಂಬುದು ಆತನ ಸಂಕಲ್ಪ; ಇಲ್ಲಿನ ಉಗ್ರಾಣದಲ್ಲಿದ್ದುದು ಸುಮಾರು ಒಂದು ಲಕ್ಷ ಕೋವಿ. ವಿಧಿಯ ವಿಪರೀತ ನೋಡಿ: ಆ ರಾತ್ರಿ ಮೊದಲು ಗುಂಡಿಗೆ ಬಲಿಯಾದವನು ಹೇವರ್ಡ್ ಶೆಪರ್ಡ್, ರೈಲುನಿಲ್ದಾಣದಲ್ಲಿ ಸಾಮಾನು ಹೊರುತ್ತಿದ್ದ, ಗುಲಾಮನಲ್ಲದ ಕರಿಯ. ಹಾಲನ ರೈಫಲ್ ಕಾರ್ಖಾನೆಯನ್ನು ಹಿಡಿದಿದ್ದ ಕಾಗಿ ಎಂಬ ಸಂಗಡಿಗ ಹೊಳೆ ದಾಟಲು ಹೋಗಿ ನೀರಿನಲ್ಲಿಯೇ ಸತ್ತ. 18ರ ಬೆಳಗ್ಗೆ ರಾಬರ್ಟ್ ಲೀಯ ಕೈಕೆಳಗಿನ ಸೈನಿಕರು ಈ ಮನೆಯ ಬಾಗಿಲನ್ನು ಒಡೆದು ಬ್ರೌನನನ್ನು ಹಿಡಿದರು. ಡಿಸೆಂಬರ್ 2ರಂದು ಗಲ್ಲು. ಎರಡು ವರ್ಷ ತುಂಬುವ ಮೊದಲೇ, 1861ರ ಏಪ್ರಿಲಿನಲ್ಲಿ, ಅಂತರ್ಯುದ್ಧದ ಮೊದಲ ವಾರದಲ್ಲಿ, ಸರ್ಕಾರದ ಸಿಪಾಯಿಗಳೇ ಕಾರ್ಖಾನೆಗೆ ಬೆಂಕಿಯಿಟ್ಟು ಹೊರಟರು. ಉಳಿದ ಯಂತ್ರಗಳನ್ನು ದಕ್ಷಿಣದವರು ಬಿಚ್ಚಿ ಒಯ್ದು ತಮ್ಮ ಕೋವಿಗಳನ್ನು ಮಾಡಿಕೊಂಡರು. ಯಾರ ಕೈಗೆ ಹೋದರೂ ಭಾಗಗಳು ಕೂಡುತ್ತಿದ್ದುವು.

ಈ ಇಟ್ಟಿಗೆಯ ಮನೆಯನ್ನೂ ಬಿಡಿಭಾಗಗಳಾಗಿ ಬಿಚ್ಚಿ 1893ರ ಷಿಕಾಗೊ ಪ್ರದರ್ಶನಕ್ಕೆ ಒಯ್ದು ಜೋಡಿಸಿದ್ದರಂತೆ. ಮತ್ತೆ ಬಿಚ್ಚಿ ತಂದು ಹೊಲವೊಂದರಲ್ಲಿ, ಆಮೇಲೆ ಗುಡ್ಡದ ಮೇಲಿನ ಕಾಲೇಜಿನಲ್ಲಿ ನಿಲ್ಲಿಸಿ, 1968ರಲ್ಲಿ ಮೊದಲಿನ ಜಾಗದ ಹತ್ತಿರಕ್ಕೆ ತಂದರು. ಹುಡುಗ ಅದರ ಗೋಡೆಯನ್ನು ಬಹಳ ಹೊತ್ತು ಸವರುತ್ತ ನಿಂತಿದ್ದ. ಶೆಪರ್ಡನ ಹೆಸರು ಎಲ್ಲಿದೆಯೆಂದು ಹುಡುಕಿಕೊಂಡು ಹೋಗಿ ಅದನ್ನೂ ಓದಿ ಬಂದ. ಕಾರಿನಲ್ಲಿ ದಾರಿಯುದ್ದಕ್ಕೂ ಮಾತಿಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಹುಡುಗ ನೆಟ್ಟಗೆ ನೆಲಮಾಳಿಗೆಗೆ ಇಳಿದ. ತಂಗಿ ಸಾರಿನ ಸೌಟು ಹಿಡಿದೇ ಕೇಳಿದಳು:

“ಏನಂದ?”

“ಒಂದು ಅರ ಕೊಳ್ಳಬೇಕಂತೆ. ಒಂದು ಕಬ್ಬಿಣದ ತುಂಡು.”

“ಅಷ್ಟೇ ತಾನೆ?”

“ಸದ್ಯಕ್ಕೆ ಅಷ್ಟೇ.”

ಅವಳು ಆ ‘ಸದ್ಯಕ್ಕೆ’ಯನ್ನು ಗಮನಿಸಿದಳೋ ಇಲ್ಲವೋ ತಿಳಿಯಲಿಲ್ಲ. ಕೆಳಗಿನಿಂದ, ಹಳೆಯ ಮೇಜನ್ನು ಗೋಡೆಯ ಕಡೆಗೆ ಎಳೆಯುವ ಸದ್ದು ಕೇಳಿಬರುತ್ತಿತ್ತು.