ಇಂಚಿಗೆ ಎರಡು ಗೆರೆ

ಹಳೆಯ ಸೈಕಲ್ಲಿಗೆ ಹೊಂದುವ ಭಾಗ ಹುಡುಕುವುದೇನು ಮಹಾ ಕೆಲಸವೆಂದು ತಿಳಿದವರು ಒಮ್ಮೆ ಹುಡುಕಿ ನೋಡಬೇಕು. ಅಂಗಡಿಯವನು ನಾಲ್ಕು ಕಪ್ಪುಗಳನ್ನು ಮುಂದೆ ಸುರುವುತ್ತಾನೆ. ನಾಲ್ಕೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. "ಯಾವುದಾರ ಒಯ್ರಿ ಸರ, ಎಲ್ಲಾ ಒಂದ" ಎನ್ನುತ್ತಾನೆ. ಆ ಮಾತನ್ನು ನಂಬಿ ನಾನೊಮ್ಮೆ ಕೆಟ್ಟಿದ್ದೇನೆ.

ನಮ್ಮ ತಂದೆಯವರದು ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ರ‍್ಯಾಲಿ ಸೈಕಲ್ಲು. ಹೊಳೆಆಲೂರಿನ ಮನೆಯಿಂದ ಸ್ಟೇಶನ್ನಿಗೆ, ಹೊಲಕ್ಕೆ, ಸಂತೆಗೆ ಅವರ ಸವಾರಿ ಅದರ ಮೇಲೆಯೇ. ಮಲಪ್ರಭೆಯ ದಂಡೆಯ ಎರೆಮಣ್ಣು ಚೈನಿಗೆ ಮೆತ್ತಿದರೆ, ಅದನ್ನು ಕಡ್ಡಿಯಿಂದ ಕೆರೆದು ತೆಗೆಯುವ ತನಕ ಅವರು ಊಟಕ್ಕೆ ಏಳುತ್ತಿರಲಿಲ್ಲ. ಚೈನಿನ ಚಕ್ರದಲ್ಲಿ ಕೊಕ್ಕರೆಯ ತಲೆಗಳಿದ್ದವು. ಅವುಗಳನ್ನು ಎಣಿಸುತ್ತ ನಾನು ಪಕ್ಕದಲ್ಲಿ ಕೂಡುತ್ತಿದ್ದೆ.

1999ರ ಮಾತು. ನಾನಾಗ ಕಾಲೇಜು ವಿದ್ಯಾರ್ಥಿ. ಪೆಡಲಿನ ಅಚ್ಚನ್ನು ಹಿಡಿದಿರುವ ಎಡಗಡೆಯ ಕಪ್ಪು ಸವೆದು ಕಟಕಟ ಎನ್ನುತ್ತಿತ್ತು. ತಂದೆ ಊರಲ್ಲಿರಲಿಲ್ಲ, ನನಗೆ ರೈಲು ತಪ್ಪೀತೆಂಬ ಆತುರ. ಹೊಸ ಕಪ್ಪು ಎರಡು ಸುತ್ತು ಹೋಗಿ ನಿಂತುಬಿಟ್ಟಿತು. "ಇದು ಒಲ್ಲೆ ಅಂತದ ತಮ್ಮಾ" ಎಂದನು ಮಿಸ್ತ್ರಿ. "ಪಾನಾಕ್ಕ ಕೊಳವಿ ಹಾಕಿ ತಿರುವು ಕಾಕಾ" ಎಂದವನು ನಾನೇ. ಕಿರುಗುಟ್ಟುತ್ತ ಅರ್ಧದಷ್ಟು ಒಳಗೆ ಹೋಯಿತು. ತಿಂಗಳೊಳಗೆ ಅಚ್ಚು ಅಲುಗಾಡತೊಡಗಿತು. ತಂದೆ ಒಮ್ಮೆ ಪೆಡಲು ತಿರುವಿ ನೋಡಿದರು, ಸೈಕಲ್ಲನ್ನು ಗೋಡೆಗೆ ಆನಿಸಿದರು, ಅಂದಿನಿಂದ ಸ್ಟೇಶನ್ನಿಗೆ ನಡೆದೇ ಹೋದರು. ಒಂದು ಮಾತು ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಕಳೆದ ವರ್ಷ ಅದನ್ನು ಹುಬ್ಬಳ್ಳಿಗೆ ಒಯ್ದೆ. ಅಲ್ಲಿಯ ಲೇತಿನವನು ಎಡಗಡೆಯದನ್ನು ಬಿಟ್ಟು, ಯಾರೂ ಮುಟ್ಟದ ಬಲಗಡೆಯ ಮೂಲ ಕಪ್ಪನ್ನೇ ಬಿಚ್ಚಿದನು. ಅದರ ತಿರುಪು ಎಡತಿರುಗಿನದು. ತಿಳಿಯದವರು ಬಿಚ್ಚುತ್ತೇವೆಂದು ಬಿಗಿಯುತ್ತಾರೆ. ಬಾಚಣಿಕೆಯಂಥ ಅಳತೆಪಟ್ಟಿಯನ್ನು ಅದರ ಗೆರೆಗಳ ಮೇಲಿಟ್ಟು, "ಇಂಚಿಗೆ 26" ಎಂದನು. ನಾನು ಹೊಗಿಸಿದ್ದು 24. ಬ್ರಿಟನ್ನಿನ ಬಹುತೇಕ ಕಾರ್ಖಾನೆಗಳು 24ಕ್ಕೆ ಒಪ್ಪಿಕೊಂಡಿದ್ದಾಗಲೂ ರ‍್ಯಾಲಿಯವರು ತಮ್ಮ 26ನ್ನು ಬಿಟ್ಟಿರಲಿಲ್ಲ. ಅರ್ಧ ಇಂಚಿನಲ್ಲಿ ಒಂದೇ ಒಂದು ಗೆರೆ ಹೆಚ್ಚು!

ನಮ್ಮೂರ ಹಳಿಯೂ ಮೊದಲು ಮೀಟರ್ ಗೇಜ್, ಈಗ ಬ್ರಾಡ್ ಗೇಜ್. ಆದರೆ 1000 ಮಿಲಿಮೀಟರಿಗೂ 1676 ಮಿಲಿಮೀಟರಿಗೂ ಇರುವ ಅಂತರ ಕುರುಡನಿಗೂ ತಿಳಿದೀತು. ಈ ಗೆರೆಯ ಅಂತರ ಹಾಗಲ್ಲ. ಭಾಮಿನಿಯಲ್ಲಿ ಒಂದು ಮಾತ್ರೆ ಹೆಚ್ಚಾದರೆ ಹುಡುಗರ ಅಂಕ ಕಳೆಯುವ ನಾನು ಇಲ್ಲಿ ಎಣಿಸಿಯೇ ಇರಲಿಲ್ಲ. ಕಾಟರ್ ಪಿನ್ನಾದರೆ ಅರ್ಧ ಮಿಲಿಮೀಟರ್ ದಪ್ಪವಾದರೂ ಅರದಿಂದ ಉಜ್ಜಿ ಕೂಡಿಸಬಹುದು. ತಿರುಪು ಉಜ್ಜಿದರೆ ಒಪ್ಪುವುದಿಲ್ಲ. ಬಲವಂತ ಮಾಡಿದರೆ ಗಟ್ಟಿ ಉಕ್ಕಿನ ಕಪ್ಪಿಗೆ ಏನೂ ಆಗದು, ಮೆದುವಾದ ಚೌಕಟ್ಟೇ ಹರಿಯುತ್ತದೆ.

ಆಮೇಲಿನ ಐದು ತಿಂಗಳು ಆ ಬಲಗಡೆಯ ಕಪ್ಪು ನನ್ನ ಕಿಸೆಯಲ್ಲಿತ್ತು. ಗದಗ, ರೋಣ, ಬಾದಾಮಿ, ಬಾಗಲಕೋಟೆ ಎನ್ನದೆ, ಕಂಡ ಗುಜರಿ ಅಂಗಡಿಯಲ್ಲೆಲ್ಲ ಹಳೆಯ ಕಪ್ಪುಗಳಿಗೆ ಅದನ್ನು ತಾಗಿಸಿ ಬೆಳಕಿಗೆ ಹಿಡಿಯುವುದು. ಹಲ್ಲಿಗೆ ಹಲ್ಲು ಕೂಡಿ ನಡುವೆ ಬೆಳಕು ಕಾಣದಿದ್ದರೆ ಅದೇ ನಮ್ಮದು. ಕೊನೆಗೆ ಬಾಗಲಕೋಟೆಯಲ್ಲಿ, ಚೌಕಟ್ಟು ಮುರಿದ ಇನ್ನೊಂದು ರ‍್ಯಾಲಿಯ ಹೊಟ್ಟೆಯಲ್ಲಿ ಅದು ಸಿಕ್ಕಿತು. ಯಾರ ಮನೆಯ ಹಿರಿಯರ ಸವಾರಿಯೋ ಏನೋ! ಇಪ್ಪತ್ತು ರೂಪಾಯಿ ಕೊಡುವಾಗ ಕೈ ತುಸು ತಡೆಯಿತು. ಲೇತಿನವನು ನಮ್ಮ ಚೌಕಟ್ಟಿನಲ್ಲಿ ಉಳಿದಿದ್ದ ಗೆರೆಗಳ ಹಾದಿಯನ್ನು ಟ್ಯಾಪಿನಿಂದ ತಿದ್ದಿದನು. ಕಪ್ಪು ಬೆರಳಲ್ಲೇ ತಿರುಗುತ್ತ ಒಳಗೆ ಹೋಯಿತು. ಕೊಳವಿ ಬೇಕಾಗಲಿಲ್ಲ.

ತಂದೆಗೀಗ ಸೈಕಲ್ಲು ಹತ್ತುವ ವಯಸ್ಸಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೈಯಿಂದ ಪೆಡಲು ತಿರುವಿದರು. ಕೊಕ್ಕರೆಗಳು ಸಪ್ಪಳವಿಲ್ಲದೆ ಸುತ್ತಿದವು. ಬಹಳ ಹೊತ್ತಿನ ಮೇಲೆ, "ಆ ಕಪ್ಪ ಎಲ್ಲೈತಿ?" ಎಂದರು. ನಾಚುತ್ತ 24ರದನ್ನು ತಂದುಕೊಟ್ಟೆ. ಪಂಚೆಯ ಸೆರಗಿನಿಂದ ಅದನ್ನು ಒರೆಸಿ, ಎಣ್ಣೆ ಹಚ್ಚಿ, ತಮ್ಮ ತಗಡಿನ ಡಬ್ಬಿಯಲ್ಲಿಟ್ಟರು.

"ಒಗೀಬ್ಯಾಡ ತಮ್ಮಾ. ಇದರದೇನೂ ತಪ್ಪಿಲ್ಲ. ಯಾರ ಸೈಕಲ್ಲಿಗರ ಹೊಂದೀತು."