ಕೊಟ್ಟಿಗೆ ಶೀಟು ಹಾರಿದ್ದು ಯಾಕೆ?

ಹೋದ ವರ್ಷ ಮೇ ತಿಂಗಳ ಒಂದು ಸಂಜೆ ನಮ್ಮ ದನದ ಕೊಟ್ಟಿಗೆಯ ಮೂಲೆ ಶೀಟು ಕಿತ್ತುಕೊಂಡು ಹಾರಿತು. ಹಸುವಿನ ಬೆನ್ನು ಸೀಳಿ ಆರು ಹೊಲಿಗೆ ಬಿತ್ತು. "ಇದಕ್ಕಿಂತ ಜೋರು ಗಾಳಿ ತಡೆದಿತ್ತು ಕಣಪ್ಪಾ, ಈಗ ಏನಾಯ್ತು?" ಅಂದರು ಅಪ್ಪ. ನಾನು 'ಬಿರುಗಾಳಿಗೆ ಹಾರಿದ ಶೀಟು' ಅಂತ ಪತ್ರಿಕೆಗೆ ಎರಡು ಸಾಲು ಕಳಿಸಿ ಸುಮ್ಮನಾಗಿದ್ದೆ.

ಉತ್ತರ ಸಿಕ್ಕಿದ್ದು ಯಶವಂತಪುರದ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಬಸ್ಸಿನವರಿಗೆ ಅದು ಇವತ್ತಿಗೂ 'ಟಾಟಾ ಇನ್‌ಸ್ಟಿಟ್ಯೂಟ್'. ವರ್ಷಕ್ಕೊಂದು ದಿನ ಅಲ್ಲಿ ಎಲ್ಲರನ್ನೂ ಒಳಗೆ ಬಿಡುತ್ತಾರೆ. ವಿಮಾನ ವಿಜ್ಞಾನದ ವಿಭಾಗ 1942ರಿಂದಲೂ ಅಲ್ಲಿದೆ. ಅದರ ದೊಡ್ಡ ಗಾಳಿ ಸುರಂಗ ನೆಲದಡಿಯದಲ್ಲ, ಫ್ಯಾನು ಗಾಳಿ ಎಳೆಯುವ ಭಾರಿ ಕೊಳವೆ. ಮಾದರಿ ಇಡುವ ಜಾಗವೇ 14 ಅಡಿ ಅಗಲ, 9 ಅಡಿ ಎತ್ತರ. ವಿಮಾನ ನಿಂತಿರುತ್ತದೆ, ಗಾಳಿ ಓಡುತ್ತದೆ.

ಅಲ್ಲಿದ್ದ ವಿದ್ಯಾರ್ಥಿಯೊಬ್ಬರು ಬಿಡಿಸಿ ಹೇಳಿದರು. ವಿಮಾನದ ಮೈಗೆ ಅಂಟಿ ಓಡುವ ಗಾಳಿ ಕಾಲುವೆ ಅಂಚಿನ ನೀರಿನಂತೆ ಸುಳಿ ಸುತ್ತುತ್ತದೆ. ಪ್ರತಿ ಸುಳಿಯೂ ತಗಡನ್ನು ಒಮ್ಮೆ ಒತ್ತಿ, ಒಮ್ಮೆ ಎಳೆದು ಹೋಗುತ್ತದೆ. ಸಣ್ಣ ತೂತಿಗೆ ಉದ್ದ ಟ್ಯೂಬು ಕಟ್ಟಿ ಅಳೆದರೆ ಸಿಗುವುದು ಸರಾಸರಿ ಒತ್ತಡ ಮಾತ್ರ. ನಡುಕವನ್ನು ಟ್ಯೂಬೇ ನುಂಗಿಬಿಡುತ್ತದೆ. ಅದಕ್ಕೇ ಪುಟ್ಟ ಮೈಕಿನಂಥ ಸೆನ್ಸರನ್ನು ಮೈಮಟ್ಟಕ್ಕೆ ಕೂರಿಸಿ, ಸೆಕೆಂಡಿಗೆ ಸಾವಿರಾರು ಸಲ ಓದುತ್ತಾರೆ. ಸ್ವಲ್ಪ ಉಬ್ಬಿದರೂ ಅದೇ ಹೊಸ ಸುಳಿ ಎಬ್ಬಿಸುತ್ತದೆ. ಫ್ಯಾನಿನ ಸದ್ದೂ ಸೇರಿಕೊಳ್ಳುತ್ತದೆ, ಅದನ್ನೂ ಬೇರ್ಪಡಿಸಬೇಕು.

ಇಷ್ಟೆಲ್ಲ ಪಾಡು ಯಾಕೆಂದರೆ, ಒಂದೇ ಸಲದ ಜೋರು ಹೊಡೆತ ತಡೆದ ಲೋಹವೂ ಲಕ್ಷಾಂತರ ಸಣ್ಣ ನಡುಕಕ್ಕೆ ದಣಿದು ಬಿರುಕು ಬಿಡಬಹುದು. ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದ 1.2 ಮೀಟರ್ ಸುರಂಗ 1967ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ರಾಕೆಟ್ ಮಾದರಿಗಳ ಮೇಲೂ ಇಂಥ ನಡುಕ ಅಳೆದಿದ್ದಾರೆ.

ಯಲಹಂಕ ದಾಟಿ ಊರು ಸೇರಿದವನೇ ಕೊಟ್ಟಿಗೆ ಹಿಂದೆ ಬಿದ್ದಿದ್ದ ಹಳೇ ಶೀಟು ತಿರುವಿ ನೋಡಿದೆ. ಮೊಳೆ ಹೊಡೆದಿದ್ದ ತೂತುಗಳು ಗುಂಡಗಿರಲಿಲ್ಲ, ಸವೆದು ಹುಣಸೆಬೀಜದಷ್ಟಾಗಿದ್ದವು. ಆ ಸಂಜೆಯ ಗಾಳಿ ಕೊನೆಯ ಏಟು ಕೊಟ್ಟಿತ್ತಷ್ಟೆ. ವರ್ಷಗಟ್ಟಲೆ ರಾತ್ರಿ ಪಟಪಟ ಬಡಿಯುತ್ತಿದ್ದ ಸದ್ದು ನಮಗೆ ಅಭ್ಯಾಸವಾಗಿಹೋಗಿತ್ತು.

ಗಾಳಿಯ ಎಳೆತ ಹೆಚ್ಚು ಬೀಳುವುದು ಅಂಚು, ಮೂಲೆಗಳಲ್ಲಿ. ಈಗ ಅಲ್ಲಿ ಹತ್ತಿರ ಹತ್ತಿರ ವಾಷರ್ ಹಾಕಿ ಬೋಲ್ಟು ಬಿಗಿದಿದ್ದೇವೆ. ನಿಮ್ಮ ಶೀಟು ಬಡಿಯುತ್ತಿದ್ದರೆ ಮಳೆಗಾಲಕ್ಕೆ ಮೊದಲೇ ಮೊಳೆಯ ತೂತು ನೋಡಿ.

ಗಾಳಿ ಎದ್ದಾಗ ಅಪ್ಪ ಈಗ ಶೀಟಿಗೆ ಅಂಗೈ ಇಟ್ಟು ನೋಡುತ್ತಾರೆ. "ನಡುಗ್ತದೆ, ಆದ್ರೆ ಬಡಿಯಲ್ಲ" ಅನ್ನುತ್ತಾರೆ.