ಕಡಲಿನ ಕೊನೆಯ ಎಂಟ್ರಿ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ನಾಣ್ಯ ಎಣಿಸಿದವನು ನಾನು. ಭೂವಿಜ್ಞಾನ ಓದುತ್ತಿರುವ ಮೊಮ್ಮಗಳು ಹೋದ ತಿಂಗಳು ಫೋನಿನಲ್ಲಿ ಒಂದು ಕಲ್ಲಿನ ಚಿತ್ರ ತೋರಿಸಿ, "ತಾತ, ಇದು ಯಾವ ಕಾಲದ ನಾಣ್ಯ ಹೇಳಿ ನೋಡೋಣ" ಎಂದಳು. ಬೂದು ಕಲ್ಲಿನ ತುಂಬ ಹಳೇ ನಾಲ್ಕಾಣೆ ಚೆಲ್ಲಿದಂತಿತ್ತು!

ಅವು ನಮ್ಯುಲೈಟ್ ಪಳೆಯುಳಿಕೆಗಳು. ಲ್ಯಾಟಿನ್ ಭಾಷೆಯಲ್ಲಿ ಪುಟ್ಟ ನಾಣ್ಯ ಎಂದೇ ಅರ್ಥವಂತೆ. ಮಕ್ಕಳೇ, ಇದು ಒಂದೇ ಜೀವಕೋಶದ ಜೀವಿ. ಬೆಚ್ಚಗಿನ, ಆಳವಿಲ್ಲದ ಸಮುದ್ರದ ತಳದಲ್ಲಿ ಸುಣ್ಣದ ಚಿಪ್ಪು ಕಟ್ಟಿಕೊಂಡು ಬದುಕುತ್ತಿತ್ತು. ಸೀಳಿದರೆ ಒಳಗೆ ಚಕ್ಕುಲಿಯಂತೆ ಸುತ್ತಿದ ಪುಟ್ಟ ಪುಟ್ಟ ಕೋಣೆಗಳು. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿ ಗುರುತಿಸುತ್ತಾರೆ. ಒಂದೊಂದು ಜಾತಿ ಒಂದೊಂದು ಕಾಲದಲ್ಲಿ ಹುಟ್ಟಿ ಅಳಿದದ್ದರಿಂದ, ಜಾತಿಯೇ ನಾಣ್ಯದ ಮೇಲಿನ ಇಸವಿ.

ಕಲ್ಲು ಇದ್ದದ್ದು ಹಿಮಾಚಲದ ಸುಬಾತು ಬೆಟ್ಟದಲ್ಲಿ. ಸಮುದ್ರದ ಜೀವಿಗೆ ಬೆಟ್ಟದಲ್ಲೇನು ಕೆಲಸ? ಭಾರತದ ಭೂಫಲಕ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಒತ್ತಿಕೊಂಡಾಗ ನಡುವಿನ ಟೆಥಿಸ್ ಸಮುದ್ರ ಮುಚ್ಚಿತು, ಹಿಮಾಲಯ ಎದ್ದಿತು. ಲಡಾಖಿನ ಕಡೆ ಸುಮಾರು 5 ಕೋಟಿ ವರ್ಷದ ಹಿಂದೆ, ಸುಬಾತುವಿನಲ್ಲಿ 4 ಕೋಟಿಗೂ ತುಸು ಹಿಂದೆ ಸಮುದ್ರದ ಪಳೆಯುಳಿಕೆಗಳು ನಿಲ್ಲುತ್ತವೆ. ಸುಬಾತು ಕಲ್ಲಿನ ಮೇಲೆ ಡಗ್ಶಾಯಿಯ ಕೆಂಪು ಮರಳುಗಲ್ಲು. ಅದು ನದಿ ತಂದು ಹಾಕಿದ್ದು.

"ಹಾಗಾದರೆ ಕೊನೆಯ ನಾಣ್ಯದ ಇಸವಿಯೇ ಸಮುದ್ರದ ಖಾತೆ ಮುಚ್ಚಿದ ಇಸವಿ" ಎಂದೆ, ಗುಮಾಸ್ತನ ಗತ್ತಿನಲ್ಲಿ.

"ಅಷ್ಟು ಸುಲಭ ಅಲ್ಲ ತಾತ. ಆಮೇಲಿನ ಕೆಸರು ಕೊಚ್ಚಿಹೋಗಿರಬಹುದು. ಹಳೇ ಚಿಪ್ಪನ್ನೇ ನದಿ ಕೊರೆದು ತಂದು ಹೊಸ ಕಲ್ಲಿಗೆ ಸೇರಿಸಿರಬಹುದು, ನಿಮ್ಮ ಗಲ್ಲಾದಲ್ಲಿ ಹಳೇ ನಾಣ್ಯವೂ ಇರುತ್ತಿತ್ತಲ್ಲ, ಹಾಗೆ. ಸುಬಾತುವಿಗೂ ಡಗ್ಶಾಯಿಗೂ ನಡುವೆ ಒಂದು ಕೋಟಿ ವರ್ಷದ ಪುಟಗಳೇ ಇಲ್ಲ ಅಂತ ಕೆಲವರ ಲೆಕ್ಕ."

ನಾನು ಸುಮ್ಮನಾದೆ. ಒಬ್ಬ ಹಿರಿಯರು ನೆನಪಾಗಿದ್ದರು. ಹನ್ನೊಂದು ವರ್ಷ ಒಂದೂ ಎಂಟ್ರಿ ಇಲ್ಲದ ಖಾತೆ ಅವರದು. "ತೀರಿಕೊಂಡಿರಬೇಕು" ಎಂದು ಲೆಡ್ಜರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದವನು ನಾನೇ. ಒಂದು ಸೋಮವಾರ, ಪಾಸ್‌ಬುಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು, ಮೊಮ್ಮಗಳ ಮದುವೆಗೆ ಹಣ ಬೇಕೆಂದು ಅವರು ಕೌಂಟರಿಗೆ ಬಂದರು. ನಾನು ಲೆಡ್ಜರು ತೆರೆದೆ. ಬಗ್ಗಿ ನೋಡಿದ ಅವರು ಆ ಸಾಲನ್ನು ನಿಧಾನವಾಗಿ ಓದಿದರು. ಏನೂ ಅನ್ನಲಿಲ್ಲ. ರಬ್ಬರು ಹುಡುಕುತ್ತಿದ್ದ ನನ್ನ ಕೈ ನಡುಗುತ್ತಿತ್ತು.

ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೊಮ್ಮಗಳಿಗೆ ಹೇಳಿದೆ. ಅವಳು ನಗಲಿಲ್ಲ, ಫೋನಿನ ಚಿತ್ರವನ್ನು ದೊಡ್ಡದು ಮಾಡಿ, "ಈಗ ಕೋಣೆ ಎಣಿಸಿ ತಾತ" ಎಂದಳು. ಕನ್ನಡಕ ಒರೆಸಿಕೊಂಡು ಕೂತೆ.